ವೈರಸ್ ಹೊತ್ತ ಬೆಕ್ಕಿನ ಆರೈಕೆ



ಸಾಮಾನ್ಯವಾಗಿ ನಾನು ಈ ಕ್ಯಾಮೆರಾದ ಆಚೆ ಬದಿಯಲ್ಲಿ ನಿಲ್ಲುವವಳು. ಈ ಕುರ್ಚಿಯಲ್ಲಿ ವೈದ್ಯರನ್ನೋ ಕೃಷಿ ತಜ್ಞರನ್ನೋ ಕೂರಿಸಿ, ಇನ್ನು ಎರಡೇ ನಿಮಿಷ ಉಳಿದಿದೆ ಎಂದು ಕೈಸನ್ನೆ ಮಾಡುವುದು ನನ್ನ ಕೆಲಸ. ಇಂದು ನಾನೇ ಇಲ್ಲಿ ಕುಳಿತಿರುವುದಕ್ಕೆ ಕಾರಣ ಒಂದು ಬೆಕ್ಕು. ನಾನು ಪಶುವೈದ್ಯೆಯಲ್ಲ. ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿ ಬಿ.ಎಸ್ಸಿ. ಪದವಿ ಪಡೆದು, 2002ರಲ್ಲಿ ದೂರದರ್ಶನದ ಕೆಲಸಕ್ಕೆ ಬಂದವಳು. ಆದ್ದರಿಂದ ಯಾವ ಔಷಧಿಯನ್ನು ಎಷ್ಟು ಕೊಡಬೇಕೆಂದು ಹೇಳುವ ಗೋಜಿಗೆ ಹೋಗುವುದಿಲ್ಲ. ವಾಸಿಯಾಗದ ವೈರಸ್ಸೊಂದನ್ನು ಮೈಯಲ್ಲಿಟ್ಟುಕೊಂಡ ಬೆಕ್ಕನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬಹುದು ಎಂಬುದನ್ನು ನಾನು ಕಂಡಷ್ಟು, ತಿಳಿದವರಿಂದ ಕೇಳಿದಷ್ಟು ಹೇಳುತ್ತೇನೆ.

2016ರ ಮಳೆಗಾಲದಲ್ಲಿ ಮಲ್ಲೇಶ್ವರದ ನಮ್ಮ ಹಳೆಯ ಮನೆಯ ಹಿತ್ತಲಿಗೆ ಒಂದು ಗಡವ ಬೆಕ್ಕು ಬಂತು. ದಪ್ಪ ಕೆನ್ನೆ, ಹರಿದ ಕಿವಿ. ನಮ್ಮ ಅಮ್ಮ ಮಂಡ್ಯದ ಕಡೆಯವರು. ಅವರ ಬಾಯಲ್ಲಿ ಅದು 'ಕೊತ್ತಿ'. ಬಂದ ಎರಡನೆಯ ದಿನವೇ ಅದಕ್ಕೆ ಒಂದು ಚಿಪ್ಪಿನಲ್ಲಿ ಹಾಲು ಅನ್ನ ಕಲಸಿ ಇಟ್ಟರು. ಮೂರನೆಯ ದಿನ ಗುಂಡ ಎಂದು ಹೆಸರಾಯಿತು. ಹಗಲೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿದ್ದೆ, ರಾತ್ರಿಯೆಲ್ಲ ಪಕ್ಕದ ಮನೆಯ ತಗಡಿನ ಮೇಲೆ ಕುಸ್ತಿ. ವಾರಕ್ಕೊಂದು ಗಾಯ. ಅಮ್ಮ ಅರಿಶಿನ ಹಚ್ಚುವುದು, ಅದು ನೆಕ್ಕಿಕೊಳ್ಳುವುದು, ಹೀಗೇ ಮೂರು ವರ್ಷ ಕಳೆದವು.

2019ರ ಕೊನೆಯ ಹೊತ್ತಿಗೆ ಗಾಯಗಳು ಬೇಗ ಮಾಯುತ್ತಿಲ್ಲ ಎಂಬುದು ನಮ್ಮ ಗಮನಕ್ಕೆ ಬಂತು. ಕುತ್ತಿಗೆಯ ಮೇಲೆ ಒಂದು ಕೀವುಗಡ್ಡೆ ಒಡೆದು ಒಣಗಿ ಮತ್ತೆ ಊದಿಕೊಂಡಿತು. ಬಾಯಿ ವಾಸನೆ ಬರುತ್ತಿತ್ತು. ತಟ್ಟೆಯ ಬಳಿಗೆ ಆತುರದಿಂದ ಓಡಿ ಬಂದು, ಒಂದು ತುತ್ತಿಗೆ ಬಾಯಿ ಹಾಕಿ, ಯಾರೋ ಹೊಡೆದಂತೆ ಹಿಂದಕ್ಕೆ ನೆಗೆಯುತ್ತಿತ್ತು. ಒಂದು ಚಿಕಿತ್ಸಾಲಯಕ್ಕೆ ಬುಟ್ಟಿಯಲ್ಲಿ ಹಾಕಿಕೊಂಡು ಹೋದೆ. ಮೂರು ಹನಿ ರಕ್ತ ತೆಗೆದು ಪುಟ್ಟ ಪ್ಲಾಸ್ಟಿಕ್ ಫಲಕದ ಮೇಲೆ ಬಿಟ್ಟರು. ಹತ್ತು ನಿಮಿಷದಲ್ಲಿ ಇರಬಾರದ ಕಡೆ ಒಂದು ಚುಕ್ಕೆ ಮೂಡಿತು. ವೈದ್ಯರು ಅದನ್ನು ನನಗೆ ತೋರಿಸಿ, "ಇದು ಬೆಕ್ಕಿನ ಏಡ್ಸ್ ಮೇಡಂ. ವಾಸಿಯಾಗೋದಿಲ್ಲ. ಇಟ್ಟುಕೊಂಡು ಏನು ಮಾಡ್ತೀರಿ? ಒಂದು ಇಂಜೆಕ್ಷನ್ನಿನಲ್ಲಿ ಮುಗಿದುಹೋಗುತ್ತೆ. ನಾಳೆ ಬಂದು ಹೇಳಿ" ಎಂದರು. ಅವರ ದನಿಯಲ್ಲಿ ಕಾಠಿಣ್ಯವೇನೂ ಇರಲಿಲ್ಲ. ಹೊರಗೆ ಇನ್ನೂ ಎಂಟು ಜನ ಕಾದಿದ್ದರು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ, ಡೆಟ್ಟಾಲ್ ಹಾಕಿ ಮೊಣಕೈವರೆಗೆ ತೊಳೆದುಕೊಂಡದ್ದು. ಎರಡನೆಯದು, ಆಗ ಎಂಟು ವರ್ಷದವನಾಗಿದ್ದ ಮಗನನ್ನು "ಅದನ್ನ ಮುಟ್ಟಬೇಡ, ದೂರ ಇರು" ಎಂದು ಗದರಿದ್ದು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಅಂಕ ತೆಗೆದವಳು ನಾನು! ಆ ರಾತ್ರಿ ನಿದ್ದೆ ಬರದೆ ಮಲಗಿದ್ದಾಗ, ಎಂದೋ ಮರೆತೆನೆಂದುಕೊಂಡಿದ್ದ ಒಂದು ಸಂಗತಿ ಎದ್ದು ಬಂತು.

2004ರಲ್ಲಿ ಎಚ್.ಐ.ವಿ. ಕುರಿತ ಕಾರ್ಯಕ್ರಮವೊಂದಕ್ಕಾಗಿ ನಾವು ಉತ್ತರ ಕರ್ನಾಟಕದ ಒಂದು ಊರಿಗೆ ಹೋಗಿದ್ದೆವು. ಗಂಡನಿಂದ ಸೋಂಕು ಬಂದು, ಆತ ತೀರಿಕೊಂಡ ಮೇಲೆ ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಹೆಣ್ಣುಮಗಳೊಬ್ಬಳ ಸಂದರ್ಶನ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಈ ರೋಗ ಬರುವುದಿಲ್ಲ ಎಂದು ಹೇಳುವುದೇ ಕಾರ್ಯಕ್ರಮದ ಉದ್ದೇಶ. ಚಿತ್ರೀಕರಣ ಮುಗಿದ ಮೇಲೆ ಆಕೆ ಎಲ್ಲರಿಗೂ ಚಹಾ ತಂದಳು. ನನ್ನ ಲೋಟವನ್ನು ನಾನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ವೈರುಗಳನ್ನು ಸುತ್ತಿಸುವ ನೆಪದಲ್ಲಿ ಹೊರಗೆ ಹೋದೆ. ಆಕೆ ಅದನ್ನು ನೋಡಿದಳು. ಮನುಷ್ಯರ ಬವಣೆಯನ್ನೂ ಬೆಕ್ಕಿನ ಕಾಯಿಲೆಯನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬಾರದು. ಎರಡೂ ಕಡೆ ಒಂದೇ ಆಗಿದ್ದದ್ದು ನನ್ನ ಹೆದರಿಕೆ. ತಿಳಿವಳಿಕೆ ತಲೆಯಲ್ಲಿದ್ದರೂ ಕೈಗೆ ಇಳಿದಿರಲಿಲ್ಲ. ಬೆಳಗಿನ ಜಾವ ಎದ್ದು, ನಾಳೆ ಹೇಳಬೇಕಾದ ಉತ್ತರವನ್ನು ಮುಂದೂಡಿ, ಮೊದಲು ಓದಿ ತಿಳಿದುಕೊಳ್ಳೋಣ ಎಂದು ನಿರ್ಧರಿಸಿದೆ.

ಈ ವೈರಸ್ಸಿನ ಹೆಸರು ಎಫ್.ಐ.ವಿ. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್ ಎಂದು ಅದರ ಅರ್ಥ. ಅದು ಪತ್ತೆಯಾದ ಕಥೆ ಕುತೂಹಲಕರವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೆಟಲೂಮಾ ಎಂಬಲ್ಲಿ ಮಹಿಳೆಯೊಬ್ಬರು ಬೀದಿಬೆಕ್ಕುಗಳಿಗೆ ಆಶ್ರಯ ಕೊಟ್ಟಿದ್ದರು. ಅಲ್ಲಿನ ಒಂದು ಆವರಣದ ಬೆಕ್ಕುಗಳು ಒಂದರ ಹಿಂದೊಂದು ಸೊರಗತೊಡಗಿದವು. ಬೆಕ್ಕುಗಳ ರಕ್ತಕ್ಯಾನ್ಸರ್ ವೈರಸ್, ಅಂದರೆ ಎಫ್.ಇ.ಎಲ್.ವಿ., 1964ರಲ್ಲೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಮತ್ತು ಸಂಗಡಿಗರಿಂದ ಪತ್ತೆಯಾಗಿತ್ತು. ಇವುಗಳಲ್ಲಿ ಅದು ಇರಲಿಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಾಮೊಟೊ ಈ ಬೆಕ್ಕುಗಳನ್ನು ಪರೀಕ್ಷಿಸಿ 1986ರಲ್ಲಿ ಹೊಸ ವೈರಸ್ಸನ್ನು ಬೇರ್ಪಡಿಸಿದರು. ಮರುವರ್ಷ ಅದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮನುಷ್ಯರ ಎಚ್.ಐ.ವಿ. ಪತ್ತೆಯಾಗಿ ಆಗ ಕೆಲವೇ ವರ್ಷಗಳಾಗಿದ್ದವು. ಎರಡೂ ಒಂದೇ ಕುಲದ ವೈರಸ್ಸುಗಳಾದ್ದರಿಂದ 'ಬೆಕ್ಕಿನ ಏಡ್ಸ್' ಎಂಬ ಹೆಸರು ಸುಲಭವಾಗಿ ಅಂಟಿಕೊಂಡಿತು. ನನ್ನನ್ನು ಕೇಳಿದರೆ ಬೆಕ್ಕುಗಳಿಗೆ ವೈರಸ್ಸಿನಿಂದ ಆದಷ್ಟೇ ಕೇಡು ಈ ಹೆಸರಿನಿಂದಲೂ ಆಗಿದೆ.

ಏಕೆಂದರೆ, ವೀಕ್ಷಕರೇ, ಈ ವೈರಸ್ ಮನುಷ್ಯರಿಗೆ ಬರುವುದೇ ಇಲ್ಲ. ಮುಟ್ಟಿದರೂ ಇಲ್ಲ, ಪರಚಿದರೂ ಇಲ್ಲ, ಕಚ್ಚಿದರೂ ಇಲ್ಲ. ಬೆಕ್ಕು ಕಚ್ಚಿದರೆ ರೇಬೀಸ್ ಮತ್ತು ಕೀವಿನ ಭಯ ಖಂಡಿತ ಇದೆ, ಅದು ಬೇರೆ ಮಾತು. ಹಾಗೆ ಕಚ್ಚಿಸಿಕೊಂಡವರು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ಆದರೆ ಎಫ್.ಐ.ವಿ. ಬೆಕ್ಕಿನ ಕುಲ ದಾಟಿ ನಮ್ಮೆಡೆಗೆ ಬರುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಕೂಡ ಮುಖ್ಯವಾಗಿ ಆಳವಾದ ಕಡಿತದಿಂದ. ಜೊಲ್ಲಿನಲ್ಲಿರುವ ವೈರಸ್ ಕೋರೆಹಲ್ಲಿನ ಮೂಲಕ ಇನ್ನೊಂದರ ಮೈಗೆ ಇಳಿಯಬೇಕು. ಗಾಳಿಗೆ ಬಿದ್ದರೆ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ, ಸಾಮಾನ್ಯ ಸೋಪಿಗೇ ಸಾಯುತ್ತದೆ. ರಕ್ತಕ್ಯಾನ್ಸರ್ ವೈರಸ್ಸಿನ ದಾರಿ ಬೇರೆ. ಅದು ಪರಸ್ಪರ ಮೈ ನೆಕ್ಕುವುದು, ಒಂದೇ ಬಟ್ಟಲಿನಲ್ಲಿ ತಿನ್ನುವುದು, ತಾಯಿಯಿಂದ ಮರಿಗೆ, ಹೀಗೆ ಸಲಿಗೆಯಲ್ಲಿ ಹರಡುತ್ತದೆ. ಒಂದು ಜಗಳಗಂಟರ ರೋಗ, ಇನ್ನೊಂದು ಸ್ನೇಹಿತರ ರೋಗ ಎನ್ನಬಹುದು. ನಮ್ಮ ಗುಂಡನಿಗೆ ಯಾವುದು ಬಂದಿರಬಹುದೆಂದು ಅವನ ಕಿವಿ ನೋಡಿದರೇ ಹೇಳಬಹುದಿತ್ತು.

ಇದು ಏಕೆ ವಾಸಿಯಾಗುವುದಿಲ್ಲ ಎಂಬುದಕ್ಕೆ ಉತ್ತರ ಸರಳ. ಇದು ರೆಟ್ರೊವೈರಸ್. ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ. ನಕಲು ಮಾಡಿಕೊಂಡು ಅದನ್ನು ಜೀವಕೋಶದ ಡಿ.ಎನ್.ಎ.ಯೊಳಗೇ ಹೊಲಿದುಬಿಡುತ್ತದೆ. ಈ ನಕಲು ಮಾಡುವ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದರು. ನಾವು ಅದನ್ನು ಪದವಿ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಒಮ್ಮೆ ಸೇರಿಕೊಂಡ ವೈರಸ್ ಬೆಕ್ಕಿನ ಆಯುಷ್ಯವಿರುವಷ್ಟೂ ಇರುತ್ತದೆ. ಮೊದಲ ಕೆಲವು ವಾರ ಜ್ವರ, ಗ್ರಂಥಿಗಳ ಊತ ಕಾಣಿಸಬಹುದು, ಎಷ್ಟೋ ವೇಳೆ ಯಾರ ಗಮನಕ್ಕೂ ಬರುವುದಿಲ್ಲ. ಆಮೇಲೆ ವರ್ಷಗಟ್ಟಲೆ ಏನೂ ಆಗದಂತೆ ಇರಬಹುದು. ಒಳಗೊಳಗೇ ರಕ್ಷಣೆಯ ಬಿಳಿ ರಕ್ತಕಣಗಳು ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತವೆ. ಬೆಕ್ಕನ್ನು ಕೊನೆಗೆ ಕೆಡವುವುದು ಸಾಮಾನ್ಯವಾಗಿ ಈ ವೈರಸ್ಸಲ್ಲ, ಕಾವಲು ಸಡಿಲವಾದ ಮೇಲೆ ನುಗ್ಗುವ ಇತರ ಸೋಂಕುಗಳು. ಆರೈಕೆಗೆ ಅವಕಾಶ ಇರುವುದು ಇಲ್ಲಿಯೇ. ಒಳಗಿನ ಕಳ್ಳನನ್ನು ಹಿಡಿಯಲಾಗದಿದ್ದರೂ ಹೊರಗಿನ ಬಾಗಿಲುಗಳನ್ನು ನಾವು ಮುಚ್ಚಬಹುದು. ಚೆನ್ನಾಗಿ ನೋಡಿಕೊಂಡ ಎಫ್.ಐ.ವಿ. ಬೆಕ್ಕುಗಳಲ್ಲಿ ಅನೇಕವು ಉಳಿದ ಬೆಕ್ಕುಗಳಷ್ಟೇ ಕಾಲ ಬದುಕುತ್ತವೆ. ಆಫ್ರಿಕಾದ ಸೆರೆಂಗೆಟಿಯ ದೊಡ್ಡ ಸಿಂಹಗಳಲ್ಲಿ ಬಹುಪಾಲು ತಮ್ಮದೇ ಬಗೆಯ ಎಫ್.ಐ.ವಿ. ಹೊತ್ತುಕೊಂಡೇ ಬೇಟೆಯಾಡುತ್ತಿವೆ. ರಕ್ತಕ್ಯಾನ್ಸರ್ ವೈರಸ್ಸಿನ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಲಾಗದು. ಅದು ಮೇಲುಗೈ ಪಡೆದ ಬೆಕ್ಕುಗಳು ಹೆಚ್ಚಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತವೆ. ಆದರೂ ಅವುಗಳ ಆರೈಕೆಯ ಕ್ರಮವೂ ಬಹಳಷ್ಟು ಇದೇ.

ನಾನು ಇನ್ನೊಬ್ಬ ಪಶುವೈದ್ಯೆಯ ಬಳಿಗೆ ಹೋದೆ. ಅವರು ಮೊದಲು ಹೇಳಿದ್ದು, ಒಂದು ಚುಕ್ಕೆ ನೋಡಿ ಪ್ರಾಣ ತೆಗೆಯುವ ತೀರ್ಮಾನ ಮಾಡಬಾರದು ಎಂದು. ಆ ಪುಟ್ಟ ಫಲಕ ತೋರಿಸುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಆರು ತಿಂಗಳೊಳಗಿನ ಮರಿಗಳಲ್ಲಿ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳೇ ಕಾಣಿಸಿಕೊಂಡು ಸೋಂಕಿಲ್ಲದ ಮರಿಗೂ ಸೋಂಕಿನ ಹಣೆಪಟ್ಟಿ ಬೀಳಬಹುದು. ಅವುಗಳನ್ನು ಆರು ತಿಂಗಳು ತುಂಬಿದ ಮೇಲೆ ಮತ್ತೆ ಪರೀಕ್ಷಿಸಬೇಕು. ದೊಡ್ಡ ಬೆಕ್ಕಿನಲ್ಲೂ ಬೇರೆ ಬಗೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಮೇಲು. ಗುಂಡನಿಗೆ ಎರಡನೆಯ ಪರೀಕ್ಷೆಯಲ್ಲೂ ಸೋಂಕು ಖಚಿತವಾಯಿತು. ದಯಾಮರಣದ ಮಾತು ತೆಗೆದಾಗ ಅವರು, "ಅದು ತಡೆಯಲಾರದ ನೋವಿಗೆ ಕೊಡುವ ಬಿಡುಗಡೆ, ಪರೀಕ್ಷೆಯ ಫಲಿತಾಂಶಕ್ಕೆ ಕೊಡುವ ಶಿಕ್ಷೆ ಅಲ್ಲ" ಎಂದರು. ಅಮ್ಮನ ನಿಲುವು ಮೊದಲಿನಿಂದಲೂ ಸ್ಪಷ್ಟವಾಗಿತ್ತು. "ಕೊತ್ತಿ ಕೊಂದ ಪಾಪಕ್ಕೆ ಚಿನ್ನದ ಕೊತ್ತಿ ಮಾಡಿಸಿ ದಾನ ಕೊಡಬೇಕು ಕಣೇ. ಈಗಿನ ರೇಟಲ್ಲಿ ಆಗುತ್ತಾ ನಿನ್ನ ಕೈಲಿ?"

ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಜಗಳದ ಹುಚ್ಚು ಇಳಿಯಬೇಕಾದರೆ ಇದು ಬೇಕು. ಅದೇ ಅರಿವಳಿಕೆಯಲ್ಲಿ ಬಾಯಿಯನ್ನೂ ಪರೀಕ್ಷಿಸಿದರು. ವಸಡೆಲ್ಲ ಕೆಂಪಾಗಿ ಹುಣ್ಣಾಗಿತ್ತು. ಎಫ್.ಐ.ವಿ. ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಹಸಿವು ಇದ್ದೇ ಇರುತ್ತದೆ, ಬಾಯಿ ಒಪ್ಪುವುದಿಲ್ಲ. ತಟ್ಟೆಯ ಬಳಿ ಬಂದು ಹಿಂದಕ್ಕೆ ನೆಗೆಯುತ್ತಿದ್ದದ್ದು ಅದಕ್ಕೇ. ನಾವು ಅದನ್ನು ಕೊಬ್ಬು ಎಂದುಕೊಂಡಿದ್ದೆವು. ಏಳು ಹಲ್ಲು ಕಿತ್ತರು. ಹಲ್ಲಿಲ್ಲದ ಬೆಕ್ಕು ಹೇಗೆ ತಿಂದೀತು ಎಂದು ನನಗೆ ಗಾಬರಿ. ಹತ್ತು ದಿನ ಕಳೆದ ಮೇಲೆ ಅದು ಮೊದಲಿಗಿಂತ ಎರಡು ಪಟ್ಟು ತಿನ್ನತೊಡಗಿತು. ಜೊಲ್ಲು ಸುರಿಸುವುದು, ತಲೆ ಓರೆ ಮಾಡಿ ಒಂದೇ ಬದಿಯಲ್ಲಿ ಅಗಿಯುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಜಡೆಗಟ್ಟುವುದು, ಇವು ಕಂಡರೆ ಬಾಯಿಯನ್ನು ತೋರಿಸಿ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಎರಡನೆಯದು ಮನೆಯೊಳಗೆ ಇರಿಸುವುದು. ಇದು ಎರಡು ಕಡೆಗೂ ರಕ್ಷಣೆ. ಗುಂಡನಿಂದ ಬೀದಿಯ ಬೆಕ್ಕುಗಳಿಗೆ ಎಫ್.ಐ.ವಿ. ಹೋಗಬಾರದು, ಬೀದಿಯಿಂದ ಗುಂಡನಿಗೆ ನೆಗಡಿಯೋ ಚಿಗಟವೋ ಹೊಸ ಗಾಯವೋ ಬರಬಾರದು. ಹೇಳುವುದು ಸುಲಭ. ಮೂರು ವರ್ಷ ಮಲ್ಲೇಶ್ವರದ ತಗಡುಗಳನ್ನು ಆಳಿದ ಪ್ರಾಣಿ ಬಾಗಿಲು ಮುಚ್ಚಿದ ಮನೆಯಲ್ಲಿ ಮೊದಲ ವಾರ ಎಬ್ಬಿಸಿದ ರಂಪ ಅಷ್ಟಿಷ್ಟಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿಯ ಬಳಿ ನಿಂತು ಗೋಳಾಡುತ್ತಿತ್ತು. ಸೊಳ್ಳೆ ಪರದೆಯನ್ನು ಉಗುರಿನಿಂದ ಸೀಳಿ ಒಮ್ಮೆ ತಪ್ಪಿಸಿಕೊಂಡೂ ಹೋಯಿತು. ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟರು. "ಅದು ಕೊತ್ತಿ ಕಣೇ, ಕೈದಿ ಅಲ್ಲ. ನಾಲ್ಕು ದಿನ ಇದ್ದರೂ ಸುಖವಾಗಿ ಇರಲಿ ಬಿಡು" ಎಂದರು. ಈ ಮಾತಿಗೆ ನನ್ನ ಬಳಿ ಇಂದಿಗೂ ಪೂರ್ತಿ ಉತ್ತರವಿಲ್ಲ. ಕೊನೆಗೆ ಬಡಗಿಯನ್ನು ಕರೆಸಿ ಹಿತ್ತಲ ಜಗಲಿಗೆ ಮರದ ಚೌಕಟ್ಟು ಕಟ್ಟಿಸಿ, ಕಬ್ಬಿಣದ ಜಾಲರಿ ಹೊಡೆಸಿದೆ. ಬಟ್ಟೆ ಒಗೆಯುವ ಕಲ್ಲು ಜಾಲರಿಯ ಒಳಗೇ ಬಂತು. ಬಿಸಿಲು, ಕಾಗೆ, ಅಳಿಲು ಎಲ್ಲವೂ ಕಾಣುತ್ತವೆ. ಕೈಗೆ ಮಾತ್ರ ಸಿಗುವುದಿಲ್ಲ. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಜಾಲರಿಯ ಹಿಂದೆ ಗುಂಡ, ಗೇಟಿನ ಹಿಂದೆ ನಾವು. ಅಮ್ಮ ಅಂದಿನಿಂದ ಕೈದಿಯ ಮಾತು ಎತ್ತಲಿಲ್ಲ.

ಕೆಳಗಿನ ಮನೆಯವರು ಒಂದು ದಿನ ದನಿ ತಗ್ಗಿಸಿ, "ಏನ್ರೀ ಮೇಡಂ, ನಿಮ್ಮ ಬೆಕ್ಕಿಗೆ ಏಡ್ಸ್ ಅಂತೆ?" ಎಂದು ಕೇಳಿದರು. ನನಗೆ ಸಿಟ್ಟು ಬರಲಿಲ್ಲ, ಡೆಟ್ಟಾಲ್ ನೆನಪಾಯಿತು. ಕುಳ್ಳಿರಿಸಿ ಎಲ್ಲ ವಿವರಿಸಿದೆ. ಅವರ ಮನೆಯ ಬಿಳಿ ಗಂಡುಬೆಕ್ಕಿಗೂ ಶಸ್ತ್ರಚಿಕಿತ್ಸೆ ಮಾಡಿಸಲು ಒಪ್ಪಿಸಿದೆ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಪರಸ್ಪರ ಕಚ್ಚಾಡದೆ ಹೊಂದಿಕೊಂಡಿರುವ ಬೆಕ್ಕುಗಳ ನಡುವೆ ಎಫ್.ಐ.ವಿ. ಹರಡುವ ಸಂಭವ ಕಡಿಮೆ. ರಕ್ತಕ್ಯಾನ್ಸರ್ ವೈರಸ್ಸಾದರೆ ಬೇರೆಯಾಗಿಯೇ ಇರಿಸಬೇಕಾಗುತ್ತದೆ.

ಇನ್ನು ಆಹಾರ. ನಮ್ಮದು ಸಸ್ಯಾಹಾರಿ ಮನೆ. ಹಾಲು ಅನ್ನ ತಿಂದು ಬೆಳೆದ ಬೆಕ್ಕುಗಳನ್ನು ಅಮ್ಮ ತಮ್ಮ ತವರಿನಲ್ಲಿ ನೋಡಿದ್ದಾರೆ. ಆ ಬೆಕ್ಕುಗಳು ಹಾಲು ಅನ್ನದ ಜೊತೆಗೆ ಕಣಜದ ಇಲಿಗಳನ್ನೂ ತಿನ್ನುತ್ತಿದ್ದವು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮನೆಯೊಳಗೆ ಕೂಡಿಹಾಕಿದ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಎಂಬ ಒಂದು ಪದಾರ್ಥ ಆಹಾರದಿಂದಲೇ ಸಿಗಬೇಕು. ಮಾಂಸ, ಮೀನುಗಳಲ್ಲಿ ಅದು ಇದೆ, ಅಕ್ಕಿ ಬೇಳೆಗಳಲ್ಲಿಲ್ಲ. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ಹೃದಯದ ಸಂಬಂಧವನ್ನು ತೋರಿಸಿಕೊಟ್ಟದ್ದೂ ಅದೇ ಡೇವಿಸ್‌ನ ವಿಶ್ವವಿದ್ಯಾಲಯವೇ, ಅದೇ 1987ರಲ್ಲಿ. ಹಾಲಿನ ವಿಷಯವೂ ಹಾಗೆಯೇ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತೆಂದು ನಾವು ನಗುತ್ತೇವೆ. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟದ್ದು ಕ್ರೌರ್ಯವೇ ಸರಿ, ಆದರೆ ಹೊಟ್ಟೆಯ ಮಟ್ಟಿಗೆ ಹಾಲು ಬಿಟ್ಟದ್ದರಿಂದ ಅದಕ್ಕೆ ನಷ್ಟವೇನೂ ಆಗಿರಲಾರದು.

ಅಮ್ಮನೊಡನೆ ಒಂದು ಒಪ್ಪಂದವಾಯಿತು. ಅಡಿಗೆಮನೆಗೆ ಮಾಂಸ ಬರಕೂಡದು. ಜಗಲಿಯ ಮೂಲೆಯಲ್ಲಿ ಬೇರೆ ಸ್ಟೌ, ಬೇರೆ ಪಾತ್ರೆ, ಬೇರೆ ಚಮಚ. ಬೆಕ್ಕಿಗೆಂದೇ ತಯಾರಿಸಿದ, ಟಾರಿನ್ ಸೇರಿಸಿರುವ ಸಮತೋಲಿತ ಪೊಟ್ಟಣದ ಆಹಾರ ದಿನವೂ. ವಾರಕ್ಕೆರಡು ಸಲ ನಾನು ಬೇಯಿಸುವ ಕೋಳಿ. ಉಪ್ಪು, ಖಾರ, ಮಸಾಲೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಅಂತೂ ಬೇಡವೇ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೂಳೆ ತೆಗೆಯಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು, ಟಾರಿನ್ನಿನ ಒಂದು ಭಾಗ ಅದರಲ್ಲಿಯೇ ಇಳಿದಿರುತ್ತದೆ. ಹಸಿ ಮಾಂಸ, ಹಸಿ ಮೊಟ್ಟೆ, ಕಾಯಿಸದ ಹಾಲು ಆರೋಗ್ಯವಂತ ಬೆಕ್ಕಿಗೆ ದಕ್ಕಿದರೂ ದಕ್ಕೀತು. ನಿರೋಧಕ ಶಕ್ತಿ ಕುಗ್ಗಿದ ಬೆಕ್ಕಿಗೆ ಅವುಗಳಲ್ಲಿನ ಬ್ಯಾಕ್ಟೀರಿಯಾ, ಪರೋಪಜೀವಿಗಳೇ ಮುಳುವಾಗಬಹುದು. ಜ್ವರ ಬಂದು ಊಟ ಬಿಟ್ಟಾಗ ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆಗೆ ತಿನ್ನುತ್ತದೆ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯುತ್ತ ಕೂರಬೇಡಿ. ಬೆಕ್ಕಿನ ಉಪವಾಸ ನಮ್ಮ ಏಕಾದಶಿಯಂತಲ್ಲ. ಕೆಲವೇ ದಿನಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೆ ಅಪಾಯವಾಗುತ್ತದೆ.

ನಾನು ಬಹಳ ಒತ್ತಿ ಹೇಳಬೇಕಾದ ಮಾತು ತೂಕದ್ದು. ಬೆಕ್ಕು ತನ್ನ ನೋವನ್ನು ಮುಚ್ಚಿಡುವ ಪ್ರಾಣಿ. ಅದರ ಮುಖ ನೋಡಿ ಕಾಯಿಲೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ತೂಕಕ್ಕೆ ಮುಚ್ಚಿಡಲು ಬರುವುದಿಲ್ಲ. ಮನುಷ್ಯರು ನಿಲ್ಲುವ ತೂಕದ ಯಂತ್ರದಲ್ಲಿ ನೂರಿನ್ನೂರು ಗ್ರಾಂ ವ್ಯತ್ಯಾಸ ತಿಳಿಯದು. ನಾನು ಅಂಗಡಿಗಳಲ್ಲಿ ಬಳಸುವಂಥ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕೊಂಡೆ. ಪ್ರತಿ ಶುಕ್ರವಾರ ಗುಂಡನನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕ ಕಳೆದು, ಅಮ್ಮ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಪಕ್ಕದಲ್ಲಿ ಅಂದಿನ ತಿಥಿ. 2022ರಲ್ಲಿ ಮೂರು ವಾರಗಳ ಅವಧಿಯಲ್ಲಿ 4 ಕೆ.ಜಿ. 600 ಗ್ರಾಂ ಇದ್ದದ್ದು 4 ಕೆ.ಜಿ. 100 ಗ್ರಾಮಿಗೆ ಇಳಿದಿತ್ತು. ನೋಡಿದರೆ ಏನೂ ತಿಳಿಯುತ್ತಿರಲಿಲ್ಲ, ತಿನ್ನುತ್ತಿತ್ತು, ಮಲಗುತ್ತಿತ್ತು. ನಾನು ಶೂಟಿಂಗಿನ ಗಡಿಬಿಡಿಯಲ್ಲಿ, "ಅರ್ಧ ಕೆ.ಜಿ. ತಾನೇ" ಎಂದೆ. ಅಮ್ಮ, "ಲೆಕ್ಕ ಹಾಕು" ಎಂದರು. ಲೆಕ್ಕ ಹಾಕಿದೆ. ಅರವತ್ತು ಕೆ.ಜಿ. ಮನುಷ್ಯ ಮೂರು ವಾರದಲ್ಲಿ ಆರೂವರೆ ಕೆ.ಜಿ. ಇಳಿದಂತೆ! ಅದೇ ಸಂಜೆ ಕರೆದುಕೊಂಡು ಹೋದೆವು. ಶ್ವಾಸಕೋಶದಲ್ಲಿ ಸೋಂಕು ಆಗಷ್ಟೇ ಹತ್ತಿತ್ತು. ಮೂರು ವಾರದ ಔಷಧಿಯಲ್ಲಿ ಇಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯೆ ಹೇಳಿದರು. ಆ ಬೆಕ್ಕನ್ನು ಉಳಿಸಿದ್ದು ನನ್ನ ಬಿ.ಎಸ್ಸಿ. ಅಲ್ಲ, ಏಳನೆಯ ತರಗತಿಯವರೆಗೆ ಓದಿದ ಅಮ್ಮನ ಪುಸ್ತಕ.

ತೂಕದ ಜೊತೆಗೆ ನೋಡಬೇಕಾದ ಕೆಲವು ಸಂಗತಿಗಳಿವೆ. ವಸಡಿನ ಬಣ್ಣ ತೆಳುಗುಲಾಬಿ ಇರಬೇಕು. ಬಿಳುಚಿದರೆ ರಕ್ತಹೀನತೆಯ ಸೂಚನೆ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ ಮೂವತ್ತಕ್ಕಿಂತ ಕಡಿಮೆ ಇರಬೇಕು. ಮರಳಿನ ತಟ್ಟೆಯನ್ನು ಶುಚಿ ಮಾಡುವವರಿಗೆ ಮೂತ್ರದ ಪ್ರಮಾಣ ಹೆಚ್ಚಿತೇ, ಕಡಿಮೆಯಾಯಿತೇ ಎಂಬುದು ತಿಳಿದಿರಬೇಕು. ಆರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ, ವರ್ಷಕ್ಕೊಮ್ಮೆ ರಕ್ತ ಮತ್ತು ಮೂತ್ರದ ಪರೀಕ್ಷೆ. ಜಂತುಹುಳುವಿನ ಔಷಧಿಯನ್ನೂ ರೇಬೀಸ್ ಲಸಿಕೆಯನ್ನೂ ತಪ್ಪಿಸಬಾರದು. ಉಳಿದ ಲಸಿಕೆಗಳನ್ನು ಆಯಾ ಬೆಕ್ಕಿನ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಎಫ್.ಐ.ವಿ.ಗೇ ಒಂದು ಲಸಿಕೆ 2002ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು, ಮುಂದೆ ಅಲ್ಲಿ ಅದರ ಮಾರಾಟ ನಿಂತಿತು.

ಔಷಧಿಗಳ ಬಗ್ಗೆ ಎರಡು ಎಚ್ಚರಿಕೆ ಹೇಳದೆ ಎದ್ದುಹೋದರೆ ತಪ್ಪಾಗುತ್ತದೆ. ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬೇಡಿ. ಕಾಲು ಮಾತ್ರೆ, ಅರ್ಧ ಮಾತ್ರೆ ಎಂಬ ಲೆಕ್ಕವೂ ಬೇಡ. ಅದನ್ನು ನಿರ್ವಿಷಗೊಳಿಸಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು, ವಸಡು ಕಂದುಬಣ್ಣಕ್ಕೆ ತಿರುಗಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆತ್ರಿನ್ ಔಷಧಿಯೂ ಬೆಕ್ಕಿಗೆ ವಿಷ. ಎರಡನೆಯದು, ಯಾವುದೇ ಹೊಸ ವೈದ್ಯರ ಬಳಿ ಹೋದಾಗ ಎಫ್.ಐ.ವಿ. ಇರುವುದನ್ನು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡಿ. ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫುಲ್ವಿನ್‌ನಂಥ ಔಷಧಿ ಇಂಥ ಬೆಕ್ಕುಗಳ ಅಸ್ಥಿಮಜ್ಜೆಗೆ ಕೆಡುಕು ಮಾಡಬಲ್ಲದು, ಸ್ಟಿರಾಯ್ಡುಗಳು ಇರುವ ಅಲ್ಪ ರಕ್ಷಣೆಯನ್ನೂ ತಗ್ಗಿಸಬಲ್ಲವು. ಮನುಷ್ಯರ ಏಡ್ಸ್ ಚಿಕಿತ್ಸೆಯಲ್ಲಿ ಬಳಸುವ ಜಿಡೋವುಡಿನ್ ಔಷಧಿಯನ್ನು ಬಾಯಿಹುಣ್ಣು ತೀವ್ರವಾದ ಕೆಲವು ಬೆಕ್ಕುಗಳಿಗೆ ಕೊಡುವುದುಂಟು. ಅದರಿಂದ ರಕ್ತಹೀನತೆ ಬರಬಹುದಾದ್ದರಿಂದ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ನಮ್ಮ ಗುಂಡನಿಗೆ ಅದರ ಅಗತ್ಯ ಬೀಳಲಿಲ್ಲ. ಅಂಗಡಿಯಲ್ಲಿ ಸಿಗುವ ಶಕ್ತಿವರ್ಧಕ ಟಾನಿಕ್ಕುಗಳಿಗೆ ನಾನು ಮೊದಲ ವರ್ಷ ಸಾಕಷ್ಟು ಹಣ ಸುರಿದೆ. ಅದರ ಬದಲು ಜಾಲರಿಯನ್ನು ಇನ್ನೂ ಸ್ವಲ್ಪ ದೊಡ್ಡದು ಮಾಡಿಸಬಹುದಿತ್ತು ಎಂದು ಈಗ ಅನಿಸುತ್ತದೆ.

ಆ ಹೊಲಿಗೆಯ ಹೆಣ್ಣುಮಗಳನ್ನು ಮತ್ತೆ ಕಾಣಬೇಕೆಂದು 2021ರಲ್ಲಿ ಆ ಊರಿನ ಕಡೆ ಬೇರೆ ಕೆಲಸಕ್ಕೆ ಹೋದಾಗ ಪ್ರಯತ್ನಿಸಿದೆ. ಮನೆ ಬದಲಾಗಿತ್ತು. ಮಗನ ಜೊತೆ ಬೇರೆ ಊರಿಗೆ ಹೋದಳು, ಚೆನ್ನಾಗಿಯೇ ಇದ್ದಾಳೆ ಎಂದು ಪಕ್ಕದವರು ಹೇಳಿದರು. ಅವರು ಕೊಟ್ಟ ಚಹಾ ಕುಡಿದು ಬಂದೆ.

ಗುಂಡನಿಗೆ ಈಗ ಹತ್ತು ವರ್ಷದ ಮೇಲಾಗಿರಬೇಕು. ಓಟ ಕಡಿಮೆಯಾಗಿದೆ, ಎಡಗಣ್ಣಿನಲ್ಲಿ ಆಗಾಗ ನೀರು ಬರುತ್ತದೆ. ನಾನು ಈ ಕಾರ್ಯಕ್ರಮಕ್ಕೆ ಹೊರಡುವಾಗ ಕಲ್ಲಿನ ಮೇಲೆ ಮಲಗಿತ್ತು, ಕಿವಿ ಮಾತ್ರ ಅಳಿಲಿನ ಕಡೆಗಿತ್ತು. ಕಳೆದ ಶುಕ್ರವಾರದ ಸಾಲಿನಲ್ಲಿ ಅಮ್ಮ ಬರೆದಿರುವುದು ಹೀಗೆ: 'ದಶಮಿ. 4 ಕೆ.ಜಿ. 350 ಗ್ರಾಂ. ಎರಡು ಸಲ ತಿಂದ.'